ನಗರದಂಚಿನ ಮನೆ: ಲಾಭವೆಷ್ಟು, ನಷ್ಟವೆಷ್ಟು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಎಚ್ಚರಿಸಿದ್ದು ಖರ್ಚಿನ ವಿಷಯದಲ್ಲಿ. ಮನೆಯನ್ನು ಎಲ್ಲಿ ಕಟ್ಟಬೇಕು ಎಂಬ ಚಿಂತೆಯು ಅವರನ್ನು ಅಷ್ಟಾಗಿ ಕಾಡಿರಲಿಲ್ಲ. ತಂದೆಯ ಮನೆಯಿದ್ದ ಓಣಿಯಲ್ಲಿಯೇ ಮಗನ ಮನೆ. ಹೊಲವು ಕಾಲ್ನಡಿಗೆಯ ದೂರದಲ್ಲಿ. ಬಾವಿ, ಗುಡಿ, ಕಟ್ಟೆ ಎಲ್ಲವೂ ಕೂಗಳತೆಯಲ್ಲಿ. ದುಡಿಯುವ ಸ್ಥಳವೂ ಮಲಗುವ ಸ್ಥಳವೂ ಬೇರೆ ಬೇರೆಯಾಗಿ, ಅವೆರಡರ ನಡುವೆ ಹತ್ತಿಪ್ಪತ್ತು ಕಿಲೋಮೀಟರುಗಳ ಅಂತರವು ಬಂದು ಕುಳಿತದ್ದು ಇತ್ತೀಚಿನ ಕಾಲದ ಸೃಷ್ಟಿ. ಈ ಅಂತರವನ್ನು ದಿನವೂ ದಾಟುತ್ತ ಬಾಳುವುದು ಲೇಸೋ, ದುಬಾರಿ ಬಾಡಿಗೆಯನ್ನು ತೆತ್ತು ಪಟ್ಟಣದ ನಡುವೆಯೇ ಇರುವುದು ಲೇಸೋ ಎಂಬ ಪ್ರಶ್ನೆಯು ಇಂದು ಬೆಂಗಳೂರಿನಂತಹ ಮಹಾನಗರದವರನ್ನು ಮಾತ್ರವಲ್ಲ, ಕಲಬುರಗಿ ಜಿಲ್ಲೆಯ ಗಡಿಭಾಗದ ಕುಟುಂಬಗಳನ್ನೂ ಕಾಡುತ್ತಿದೆ.

ಅಫಜಲಪುರ ತಾಲೂಕಿನ ಕರಜಗಿಯನ್ನೇ ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ಗಡಿಯತ್ತ ಇರುವ ಈ ಊರು ಹೋಬಳಿಯ ಕೇಂದ್ರ. ಸುತ್ತಲೂ ಜೋಳ ತೊಗರಿಗಳನ್ನು ಬೆಳೆಯುವ ಸೀಮೆ. ಇಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದವರು ಸಾಮಾನ್ಯವಾಗಿ ಅಫಜಲಪುರಕ್ಕೆ ಬಂದು, ಅಲ್ಲಿಂದ ಚೌಡಾಪುರದ ಮೇಲೆ ಕಲಬುರಗಿಯ ದಾರಿ ಹಿಡಿಯುತ್ತಾರೆ. ಅಫಜಲಪುರದಿಂದಲೇ ಕಲಬುರಗಿಯು ಸುಮಾರು 60 ಕಿಲೋಮೀಟರು. ಒಮ್ಮೊಮ್ಮೆ ಆಸ್ಪತ್ರೆಗೋ, ನ್ಯಾಯಾಲಯಕ್ಕೋ, ಸಂತೆ ಸರಕಿಗೋ ಹೋಗಿ ಬರಲು ಇದು ದೊಡ್ಡ ದೂರವಲ್ಲ. ಆದರೆ ಮಗನಿಗೆ ಕಲಬುರಗಿಯಲ್ಲಿ ನೌಕರಿಯಾದರೆ, ಮಗಳಿಗೆ ಅಲ್ಲಿನ ಕಾಲೇಜಿನಲ್ಲಿ ಪ್ರವೇಶ ದೊರೆತರೆ, ದಿನದಿನವೂ ಈ ದೂರವನ್ನು ಎರಡು ಸಲ ತುಳಿಯುವುದು ಅಸಾಧ್ಯವೆನ್ನಿಸುತ್ತದೆ.

ಮೂರು ದಾರಿಗಳು

ಆಗ ಕುಟುಂಬದ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಊರಿನಲ್ಲಿಯೇ ಇದ್ದು, ದುಡಿಯುವವನೊಬ್ಬನನ್ನು ಮಾತ್ರ ಪಟ್ಟಣಕ್ಕೆ ಕಳುಹಿಸುವುದು ಮೊದಲನೆಯದು. ಕಲಬುರಗಿಯ ಒಳಗೆ, ಬಸ್ ನಿಲ್ದಾಣಕ್ಕೂ ಮಾರುಕಟ್ಟೆಗೂ ಸಮೀಪವಾಗಿ, ಎರಡು ಕೋಣೆಗಳ ಬಾಡಿಗೆ ಮನೆಯನ್ನು ಹಿಡಿಯುವುದು ಎರಡನೆಯದು. ವರ್ತುಲ ರಸ್ತೆಯ ಆಚೆಗೆ, ನಿನ್ನೆಯವರೆಗೆ ತೊಗರಿ ಬೆಳೆದ ಹೊಲದಲ್ಲಿ ಇಂದು ಬಿಳಿ ಕಲ್ಲುಗಳನ್ನು ನೆಟ್ಟು ಗುರುತಿಸಿದ ಬಡಾವಣೆಯಲ್ಲಿ ಪ್ಲಾಟೊಂದನ್ನು ಕೊಂಡು ಸ್ವಂತ ಮನೆಯನ್ನು ಕಟ್ಟುವುದು ಮೂರನೆಯದು. ಈ ಲೇಖನದ ವಿಷಯವು ಆ ಮೂರನೆಯ ದಾರಿ. ಏಕೆಂದರೆ ಅದರಲ್ಲಿಯೇ ಆಸೆಯೂ ಹೆಚ್ಚು, ಅಂದಾಜು ತಪ್ಪುವ ಸಂಭವವೂ ಹೆಚ್ಚು.

ಮೊದಲನೆಯ ದಾರಿಗೆ ತಿರುವುಮುರುವಾದ ಇನ್ನೊಂದು ಬಗೆಯೂ ಉಂಟು. ಹಳ್ಳಿಯ ಶಾಲೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ನೇಮಕಗೊಂಡವರು ಪಟ್ಟಣದಲ್ಲಿ ಮನೆ ಮಾಡಿಕೊಂಡು ಹಳ್ಳಿಗೆ ಓಡಾಡುತ್ತಾರೆ. ತಮ್ಮ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅವರು ಹೀಗೆ ಮಾಡುವುದು ಸಹಜವೇ. ಆದರೆ ಸಂಜೆಯ ಬಸ್ಸಿಗೆ ಹೊರಟುಹೋಗುವ ವೈದ್ಯನು ರಾತ್ರಿಯ ಹೆರಿಗೆಗೆ ದೊರೆಯುವುದಿಲ್ಲ. ದೂರದ ಮನೆಯ ನಷ್ಟವನ್ನು ಆ ಮನೆಯವರಷ್ಟೇ ಅಲ್ಲ, ಇಡೀ ಊರು ತೆರಬೇಕಾಗುವ ಸಂದರ್ಭವಿದು.

ಆರು ನೂರು ವರ್ಷಗಳ ಹಿಂದಿನ ಉಪನಗರ

ರಾಜಧಾನಿಯ ಗದ್ದಲವನ್ನು ಬಿಟ್ಟು ಹೊರಗೆ ನೆಲೆಸುವ ಆಸೆಯು ಕಲಬುರಗಿಗೆ ಹೊಸತಲ್ಲ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಈ ನಗರದಲ್ಲಿ, 1397ರಿಂದ 1422ರವರೆಗೆ ಆಳಿದ ಫಿರೋಜ್ ಶಹನು ನಗರದ ದಕ್ಷಿಣಕ್ಕೆ ಸುಮಾರು 28 ಕಿಲೋಮೀಟರು ದೂರದಲ್ಲಿ, ಭೀಮಾನದಿಯ ದಂಡೆಯ ಮೇಲೆ, ಸುಮಾರು 1400ರಲ್ಲಿ ಫಿರೋಜಾಬಾದ್ ಎಂಬ ಹೊಸ ಪಟ್ಟಣವನ್ನು ಕಟ್ಟಿಸಿದನು. ಒಂದು ಬದಿಗೆ ನದಿ, ಉಳಿದ ಬದಿಗಳಿಗೆ ಕಲ್ಲಿನ ಗೋಡೆ. ಒಳಗೆ ಅರಮನೆಗಳು, ದೊಡ್ಡ ಮಸೀದಿ, ಸ್ನಾನಗೃಹಗಳು. ನೀರಿಗೆ ಕೊರತೆಯಿಲ್ಲ, ಗಾಳಿಗೆ ಕೊರತೆಯಿಲ್ಲ. ಆದರೆ ಅವನ ತರುವಾಯ 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಶಹನು ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಆ ಪಟ್ಟಣವು ಪಾಳುಬಿದ್ದಿತು. ಇಂದು ಅಲ್ಲಿ ಉಳಿದಿರುವುದು ಹೊಲಗಳ ನಡುವೆ ನಿಂತ ಗೋಡೆಗಳೂ ಕಮಾನುಗಳೂ ಒಂದು ಹಳ್ಳಿಯೂ ಮಾತ್ರ.

ಅದೇ ಕಾಲದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಫಿರೋಜ್ ಶಹನ ಕಾಲದಲ್ಲಿ ಕಲಬುರಗಿಗೆ ಬಂದ ಸೂಫಿ ಸಂತ ಖ್ವಾಜಾ ಬಂದೇನವಾಜರು ಮೊದಲು ಕೋಟೆಯ ಸಮೀಪದಲ್ಲಿದ್ದು, ಸುಲ್ತಾನನೊಡನೆ ಮನಸ್ತಾಪವುಂಟಾದ ಮೇಲೆ ಅಲ್ಲಿಂದ ದೂರಕ್ಕೆ ಸರಿದರೆಂದು ಇತಿಹಾಸಕಾರರು ಹೇಳುತ್ತಾರೆ. ಹಾಗೆ ಸರಿದ ಸ್ಥಳದಲ್ಲಿಯೇ ಇಂದಿನ ದರ್ಗಾ ಇದೆ. ಜನರು ಅಲ್ಲಿಗೆ ಬಂದರು. ಜನರ ಹಿಂದೆ ಅಂಗಡಿಗಳು ಬಂದವು. ಅಂಗಡಿಗಳ ಹಿಂದೆ ಓಣಿಗಳು ಬೆಳೆದವು. ಕೋಟೆಯಿಂದ ದೂರವಾಗಿದ್ದ ಆ ಜಾಗವು ಇಂದು ನಗರದೊಳಗಿನ ಜನನಿಬಿಡ ಭಾಗ.

ಅರಸನು ಕಟ್ಟಿಸಿದ ಪಟ್ಟಣವು ಅರಸನ ಬರುವಿಕೆಯನ್ನು ನಂಬಿತ್ತು. ಅವನ ವಂಶವು ಬರುವುದನ್ನು ನಿಲ್ಲಿಸಿದೊಡನೆ ಅದು ನಿಂತುಹೋಯಿತು. ದರ್ಗಾದ ಸುತ್ತಣ ವಸತಿಯು ದಿನನಿತ್ಯದ ಜನಸಂಚಾರವನ್ನು ನಂಬಿತ್ತು, ಅದು ಬೆಳೆಯಿತು. ಒಂದು ಉಪನಗರವು ಬಾಳುವುದೋ ಬಾಡುವುದೋ ಎಂಬುದನ್ನು ಅದರ ಕಟ್ಟಡಗಳ ಚೆಲುವಿಗಿಂತ ಅಲ್ಲಿಗೆ ನಡೆಯುವ ಓಡಾಟವೇ ನಿರ್ಧರಿಸುತ್ತದೆಂಬ ಪಾಠವು ಕಲಬುರಗಿಯ ನೆಲದಲ್ಲಿಯೇ ಹೀಗೆ ಬರೆದಿದೆ.

ಲಾಭದ ತಟ್ಟೆ

ಹೊರವಲಯದ ಮನೆಯ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಮೊದಲನೆಯದು ಸ್ವಂತದ ಸೂರು. ನಗರದ ನಡುವೆ ಒಂದು ಕೋಣೆಗೂ ಸಾಲದ ಹಣದಲ್ಲಿ ಹೊರಗೆ ಮೂವತ್ತಡಿಗೆ ನಲವತ್ತಡಿಯ ಪ್ಲಾಟು ದೊರೆಯುವುದುಂಟು. ತಿಂಗಳು ತಿಂಗಳು ಬಾಡಿಗೆಯೆಂದು ಹೋಗುವ ಹಣವು ಸಾಲದ ಕಂತಾಗಿ ಹೋದರೆ ಕೊನೆಗೆ ಮನೆಯಾದರೂ ಉಳಿಯುತ್ತದೆ. ಬಾಡಿಗೆದಾರನಿಗೆ ಮಾಲೀಕನ ಮಾತಿನ ಭಯ, ವರ್ಷ ವರ್ಷ ಬಾಡಿಗೆ ಏರುವ ಭಯ. ಸ್ವಂತ ಮನೆಯವನಿಗೆ ಆ ಭಯವಿಲ್ಲ. ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಡ.

ಎರಡನೆಯದು ಗಾಳಿ, ಬೆಳಕು, ಎಡೆ. ಕರಜಗಿಯಂತಹ ಊರಿನ ಪಡಸಾಲೆಯಲ್ಲಿ ಬೆಳೆದವರಿಗೆ ಪಟ್ಟಣದ ಇಕ್ಕಟ್ಟಾದ ಕೋಣೆಯು ಪಂಜರದಂತೆ ತೋರುವುದು ಸಹಜ. ಹೊರವಲಯದಲ್ಲಿ ಅಂಗಳಕ್ಕೆ ಜಾಗವಿರುತ್ತದೆ; ಬೇವಿನ ಗಿಡವೊಂದನ್ನು ನೆಡಬಹುದು; ಹಬ್ಬಕ್ಕೆ ಊರಿನಿಂದ ಬಂದ ನೆಂಟರನ್ನು ಹಾಸಿ ಮಲಗಿಸಬಹುದು. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುವ ಈ ಸೀಮೆಯಲ್ಲಿ, ರಾತ್ರಿ ಮಾಳಿಗೆಯ ಮೇಲೆ ಗಾಳಿ ಸುಳಿಯುವುದೇ ದೊಡ್ಡ ಸುಖ.

ಮೂರನೆಯದು ಊರಿನ ಸಂಬಂಧ. ಕಲಬುರಗಿಯ ಪಶ್ಚಿಮದಂಚಿನಲ್ಲಿ ಮನೆ ಮಾಡಿದವನಿಗೆ ಅಫಜಲಪುರದ ದಾರಿಯು ಮನೆಯ ಮುಂದೆಯೇ ಹಾದುಹೋಗುತ್ತದೆ. ಹೊಲದ ಕಾಳು ಊರಿನಿಂದ ಬರುತ್ತದೆ. ವಾರಕ್ಕೊಮ್ಮೆ ಹೋಗಿ ತಂದೆ ತಾಯಿಗಳ ಮುಖ ನೋಡಿ ಬರಬಹುದು. ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋದವರಿಗೆ ಈ ಭಾಗ್ಯವಿಲ್ಲ.

ನಾಲ್ಕನೆಯದು ಮುಂದಿನ ಬೆಲೆ. ಇಂದು ದೂರವೆನ್ನಿಸಿದ್ದು ನಾಳೆ ಸಮೀಪವಾಗುತ್ತದೆಂಬ ನಂಬಿಕೆಗೆ ಚರಿತ್ರೆಯ ಬೆಂಬಲವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ನೆಲೆಗೊಳಿಸಲು ಬೆಳೆದ ಮಲ್ಲೇಶ್ವರ ಬಸವನಗುಡಿಗಳು ಅಂದಿಗೆ ಊರಾಚೆಯ ಬಡಾವಣೆಗಳು. ಇಂದು ಅಲ್ಲಿ ಮನೆಯುಳ್ಳವನನ್ನು ನಗರದ ಹೃದಯದಲ್ಲಿರುವವನೆಂದೇ ಕರೆಯುತ್ತಾರೆ.

ಕಾಲವೆಂಬ ಬಾಡಿಗೆ

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ದೂರದ ಮನೆಯಲ್ಲಿ ಬಾಡಿಗೆಯು ತಪ್ಪುವುದಿಲ್ಲ. ಅದು ಹಣದ ರೂಪವನ್ನು ಬಿಟ್ಟು ಕಾಲದ ರೂಪವನ್ನು ತಾಳುತ್ತದೆ. ಒಂದು ಲೆಕ್ಕವನ್ನು ನೋಡಬಹುದು. ಕಚೇರಿಯಿಂದ 15 ಕಿಲೋಮೀಟರು ದೂರದಲ್ಲಿ ಮನೆ ಮಾಡಿದವನು, ಬಸ್ಸಿಗೆ ಕಾಯುವ ಹೊತ್ತನ್ನೂ ಸೇರಿಸಿ, ಪಟ್ಟಣದೊಳಗಿನವನಿಗಿಂತ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಹೆಚ್ಚಾಗಿ ಕಳೆಯುತ್ತಾನೆಂದು ಭಾವಿಸಿದರೆ, ದಿನಕ್ಕೆ ಒಂದೂವರೆ ಗಂಟೆಯಾಯಿತು. ವರ್ಷಕ್ಕೆ 280 ಕೆಲಸದ ದಿನಗಳೆಂದರೆ 420 ಗಂಟೆಗಳು. ಎಂಟು ಗಂಟೆಗಳ ದುಡಿಮೆಯ ದಿನಗಳಾಗಿ ಎಣಿಸಿದರೆ 52 ದಿನಗಳಿಗೂ ಮಿಗಿಲು. ವರ್ಷದಲ್ಲಿ ಸುಮಾರು ಎರಡು ತಿಂಗಳ ದುಡಿಮೆಯ ಹೊತ್ತು ದಾರಿಯಲ್ಲಿ ಸವೆದುಹೋಯಿತು!

ಮೋಟಾರು ಸೈಕಲ್ಲಿನವನು ಹೊತ್ತನ್ನು ಉಳಿಸಿಕೊಳ್ಳುತ್ತಾನೆ, ಹಣವನ್ನು ತೆರುತ್ತಾನೆ. ದಿನಕ್ಕೆ 30 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿದರೆ 750 ಕಿಲೋಮೀಟರು. ಲೀಟರಿಗೆ 50 ಕಿಲೋಮೀಟರು ಓಡುವ ಗಾಡಿಗೆ 15 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೂ 1,500 ರೂಪಾಯಿ. ಗಾಡಿಯ ಸವೆತ, ಟಯರು, ದುರಸ್ತಿ ಬೇರೆ. ಮಳೆ, ಬಿಸಿಲು, ಲಾರಿಗಳ ನಡುವಿನ ಹೆದ್ದಾರಿಯ ಸಂಚಾರದ ಅಪಾಯಗಳಿಗೆ ಬೆಲೆ ಕಟ್ಟಲಾಗದು.

ಜಗತ್ತಿನ ಪಂಡಿತರೂ ಈ ವಿಷಯವನ್ನು ವಿಚಾರಿಸಿದ್ದಾರೆ. ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿಯು 1994ರಲ್ಲಿ, ತನಗಿಂತ ಮೊದಲು ಯಾಕೋವ್ ಜಹಾವಿ ಎಂಬಾತನು ಗಮನಿಸಿದ್ದ ಸಂಗತಿಯನ್ನು ಮುಂದುವರಿಸಿ, ಮನುಷ್ಯನು ಸರಾಸರಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ವ್ಯಯಿಸುತ್ತಾನೆಂದು ವಾದಿಸಿದನು. ಗಂಟೆಗೆ ಐದು ಕಿಲೋಮೀಟರು ನಡೆಯುವ ಕಾಲದಲ್ಲಿ ಊರಿನ ನಡುವಿನಿಂದ ಅಂಚಿಗೆ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚಿನ ದೂರವಿರುತ್ತಿರಲಿಲ್ಲ. ವಾಹನದ ವೇಗವು ಹೆಚ್ಚಿದಂತೆ ಮನುಷ್ಯನು ಉಳಿದ ಹೊತ್ತನ್ನು ಮನೆಯಲ್ಲಿ ಕಳೆಯಲಿಲ್ಲ. ಮನೆಯನ್ನೇ ದೂರಕ್ಕೆ ಒಯ್ದನು. ಸ್ವಿಟ್ಜರ್ಲೆಂಡಿನ ಅರ್ಥಶಾಸ್ತ್ರಜ್ಞರಾದ ಆಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಅವರು ಜರ್ಮನಿಯ ಕುಟುಂಬಗಳ ಮಾಹಿತಿಯನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಪ್ರಯಾಣ ಮಾಡುವವರು ತಮ್ಮ ಬಾಳಿನಲ್ಲಿ ಕಡಿಮೆ ತೃಪ್ತಿಯನ್ನು ಹೇಳಿಕೊಂಡರೆಂದು ತೋರಿಸಿದರು. ಅಗ್ಗದ ಮನೆಯಾಗಲಿ, ಒಳ್ಳೆಯ ಸಂಬಳವಾಗಲಿ ಆ ಬಳಲಿಕೆಯನ್ನು ಪೂರ್ತಿಯಾಗಿ ತುಂಬಿಕೊಟ್ಟಿರಲಿಲ್ಲ. ಮನೆಯನ್ನು ಕೊಳ್ಳುವಾಗ ಗೋಡೆ, ನೆಲ, ಅಂಗಳಗಳು ಕಣ್ಣಿಗೆ ಕಾಣುತ್ತವೆ. ಪ್ರತಿದಿನದ ಒಂದೂವರೆ ಗಂಟೆಯು ಕಾಣುವುದಿಲ್ಲ.

ವಸ್ತಿ ಬಸ್ಸಿನ ಮಹಿಮೆ

ದೂರವೆಂಬುದನ್ನು ಕಿಲೋಮೀಟರುಗಳಲ್ಲಿ ಅಳೆಯುವವನು ಮೋಸ ಹೋಗುತ್ತಾನೆ. ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ರೈಲಿನಲ್ಲಿ ಬರುವ ಯಾತ್ರಿಕರಿಗೆ ಇದು ಚೆನ್ನಾಗಿ ಗೊತ್ತು. ‘ಗಾಣಗಾಪುರ ರೋಡ್’ ನಿಲ್ದಾಣದಲ್ಲಿ ಇಳಿದು, ಗುಡಿಯ ಶಿಖರವು ಎಲ್ಲಿ ಎಂದು ಹೊಸಬನು ಕತ್ತೆತ್ತಿ ನೋಡಿದರೆ, ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ರಸ್ತೆಯ ಪ್ರಯಾಣವು ಉಳಿದಿರುತ್ತದೆ. ನಿಲ್ದಾಣದ ಹೆಸರಿನಲ್ಲಿ ‘ರೋಡ್’ ಎಂಬ ಶಬ್ದವಿದ್ದರೆ ಊರು ದೂರವಿದೆಯೆಂದೇ ತಿಳಿಯಬೇಕು. ‘ನಗರದಿಂದ ಹತ್ತೇ ನಿಮಿಷ’ ಎಂದು ಸಾರುವ ಬಡಾವಣೆಯ ಫಲಕಗಳಿಗೂ ಇದೇ ನಿಯಮವನ್ನು ಅನ್ವಯಿಸಬಹುದು. ಆ ಹತ್ತು ನಿಮಿಷವು ನಡುರಾತ್ರಿಯಲ್ಲಿ, ಖಾಲಿ ರಸ್ತೆಯಲ್ಲಿ, ಸ್ವಂತ ಕಾರಿನಲ್ಲಿ ಓಡಿದವನ ಹತ್ತು ನಿಮಿಷ!

ಉತ್ತರ ಕರ್ನಾಟಕದ ಹಳ್ಳಿಗರಿಗೆ ‘ವಸ್ತಿ ಬಸ್ಸು’ ಎಂದರೇನೆಂದು ವಿವರಿಸಬೇಕಾಗಿಲ್ಲ. ಸಂಜೆ ಪಟ್ಟಣದಿಂದ ಹೊರಟು, ರಾತ್ರಿ ಊರಿನಲ್ಲಿಯೇ ತಂಗಿ, ನಸುಕಿನಲ್ಲಿ ಮತ್ತೆ ಪಟ್ಟಣಕ್ಕೆ ಹೊರಡುವ ಬಸ್ಸು ಅದು. ಅದು ಊರಿನಿಂದಲೇ ಹೊರಡುವುದರಿಂದ ಊರಿನವರಿಗೆ ಕುಳಿತುಕೊಳ್ಳಲು ಸ್ಥಳವಿರುತ್ತದೆ. ಹೊರವಲಯದ ಬಡಾವಣೆಗೆ ಈ ಭಾಗ್ಯವಿಲ್ಲ. ಅದು ಹಳ್ಳಿಯೂ ಅಲ್ಲ, ನಗರವೂ ಅಲ್ಲ. ಹಳ್ಳಿಗಳಿಂದ ಬರುವ ಬಸ್ಸುಗಳು ಅಲ್ಲಿಗೆ ಮುಟ್ಟುವ ಹೊತ್ತಿಗೆ ತುಂಬಿ ತುಳುಕುತ್ತಿರುತ್ತವೆ. ವೇಗದೂತ ಬಸ್ಸುಗಳಿಗೆ ಅಲ್ಲಿ ನಿಲುಗಡೆಯಿರುವುದಿಲ್ಲ. ನಗರ ಸಾರಿಗೆಯ ಬಸ್ಸುಗಳು ಅಲ್ಲಿಯವರೆಗೆ ಬರುವುದಿಲ್ಲ. ಉಳಿದದ್ದು ಟಂಟಂ. ಅದು ಹೊರಡುವುದು ಗಡಿಯಾರವನ್ನು ನೋಡಿಯಲ್ಲ, ಸೀಟುಗಳು ತುಂಬಿದುದನ್ನು ನೋಡಿ. ಹೀಗಾಗಿ 60 ಕಿಲೋಮೀಟರು ದೂರದ ಊರಿನವನು ಕುಳಿತು ಬರುತ್ತಾನೆ. 12 ಕಿಲೋಮೀಟರು ದೂರದ ಬಡಾವಣೆಯವನು ರಸ್ತೆಯ ಬದಿಯಲ್ಲಿ ಕೈಯೆತ್ತಿ ನಿಂತಿರುತ್ತಾನೆ.

ಈ ಸೀಮೆಗೆ ಬಸ್ಸಿನ ಮಹತ್ವವು ಇಂದು ನಿನ್ನೆಯದಲ್ಲ. ಕಲಬುರಗಿಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಾಗ, 1932ರಲ್ಲಿಯೇ ಆ ಸಂಸ್ಥಾನದ ಸರಕಾರವು ರೈಲ್ವೆಯ ಜೊತೆಗೆ ರಸ್ತೆ ಸಾರಿಗೆಯನ್ನೂ ತಾನೇ ನಡೆಸಲು ಮೊದಲಿಟ್ಟಿತ್ತು. ಅಂದು ಅದರ ಬಳಿ ಇದ್ದುದು 27 ಬಸ್ಸುಗಳು. ಇಂದು ಕಲಬುರಗಿಯಲ್ಲಿಯೇ ಮುಖ್ಯ ಕಚೇರಿಯುಳ್ಳ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಈ ಭಾಗದ ಹಳ್ಳಿಗಳನ್ನು ಪಟ್ಟಣಗಳೊಡನೆ ಜೋಡಿಸಿದೆ. ಪ್ಲಾಟು ನೋಡಲು ಹೋದವನು ಬಡಾವಣೆಯ ಹೆಬ್ಬಾಗಿಲಿನ ಅಲಂಕಾರವನ್ನು ನೋಡುವ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ನೋಡುವುದು ಮೇಲು.

ತೆರುವವರು ಯಾರು?

ದೂರದ ಮನೆಯ ಲೆಕ್ಕವನ್ನು ಸಾಮಾನ್ಯವಾಗಿ ಮಾಡುವವನು ಮನೆಯ ಯಜಮಾನ. ಅವನು ತನ್ನ ಕಚೇರಿಯ ದೂರವನ್ನು ಅಳೆಯುತ್ತಾನೆ, ತನ್ನ ಪೆಟ್ರೋಲಿನ ಖರ್ಚನ್ನು ಎಣಿಸುತ್ತಾನೆ. ಆದರೆ ಆ ದೂರವನ್ನು ದಿನವೂ ಅನುಭವಿಸುವವರು ಇನ್ನೂ ಹಲವರಿದ್ದಾರೆ.

ಗೃಹಿಣಿಯ ದಿನವನ್ನು ನೋಡಬೇಕು. ಗಂಡನೂ ಮಕ್ಕಳೂ ಏಳು ಗಂಟೆಗೆ ಹೊರಡಬೇಕಾದರೆ ಅವಳು ಐದಕ್ಕೆ ಮೊದಲೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು. ಅವರು ಹೋದ ಮೇಲೆ, ಅರ್ಧದಷ್ಟು ಪ್ಲಾಟುಗಳು ಇನ್ನೂ ಖಾಲಿಯಿರುವ ಬಡಾವಣೆಯಲ್ಲಿ ಮಾತನಾಡಲು ನೆರೆಯವರಿಲ್ಲ. ಬೇಕೆಂದಾಗ ಕೊತ್ತಂಬರಿ ತರಲು ಅಂಗಡಿಯಿಲ್ಲ. ಅವಳೂ ದುಡಿಯುವವಳಾದರೆ ಭಾರವು ಇಮ್ಮಡಿ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಉಚಿತ ಪ್ರಯಾಣವು ದೊರೆತದ್ದು ಇಂತಹ ಕುಟುಂಬಗಳಿಗೆ ದೊಡ್ಡ ಉಪಕಾರ. ಹಳ್ಳಿಯ ಹೆಣ್ಣುಮಕ್ಕಳಿಗೆ ಪಟ್ಟಣದ ಕಾಲೇಜಿನ ಬಾಗಿಲು ಇದರಿಂದ ಇನ್ನಷ್ಟು ಸಮೀಪವಾಯಿತು. ಆದರೆ ಟಿಕೇಟಿನ ಹಣವು ಉಳಿದರೂ ದಾರಿಯ ಹೊತ್ತು ಉಳಿಯುವುದಿಲ್ಲ. ಸಂಜೆ ಆರರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯುವ ಆತಂಕವು ಉಚಿತವಾದ ಚೀಟಿಯಿಂದ ಕಡಿಮೆಯಾಗುವುದಿಲ್ಲ.

ಮಕ್ಕಳ ನಷ್ಟವು ಇನ್ನೊಂದು ಬಗೆಯದು. ಶಾಲೆಯ ಬಳಿಕ ಆಟಕ್ಕೆ ನಿಂತರೆ ವಾಹನವು ತಪ್ಪುತ್ತದೆ. ಗೆಳೆಯರೆಲ್ಲ ಪಟ್ಟಣದಲ್ಲಿ, ಮನೆ ಮಾತ್ರ ಹೊಲಗಳ ನಡುವೆ. ವೃದ್ಧರಿಗೆ ಭಯವು ರಾತ್ರಿಯದು. ಎದೆನೋವು ಗಡಿಯಾರವನ್ನು ನೋಡಿ ಬರುವುದಿಲ್ಲ. ಆಗ 15 ಕಿಲೋಮೀಟರಿನ ಪ್ರತಿಯೊಂದು ಕಿಲೋಮೀಟರಿಗೂ ಬೆಲೆಯಿರುತ್ತದೆ. ಮಳೆಗಾಲದಲ್ಲಿ ಇದೇ ಸೀಮೆಯಲ್ಲಿ ದೂರವು ಎಷ್ಟು ಹಿಗ್ಗಬಲ್ಲುದೆಂಬುದನ್ನು 2020ರ ಅಕ್ಟೋಬರಿನ ಭೀಮಾ ಪ್ರವಾಹವು ತೋರಿಸಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಮಳೆಯ ನೀರೂ ಕೂಡಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳು ನೀರಿನಲ್ಲಿ ಸಿಲುಕಿದವು. ಸೇತುವೆಗಳು ಮುಳುಗಿ ಸಂಚಾರವು ನಿಂತುಹೋಯಿತು. ಒಂದೇ ದಾರಿಯನ್ನು ನಂಬಿದ ವಸತಿಗೆ ಆ ದಾರಿಯು ಮುಚ್ಚಿದ ದಿನವೇ ಪರೀಕ್ಷೆಯ ದಿನ.

ನೆಲ, ನೀರು, ಕಾಗದ

ಕಲಬುರಗಿಯ ಸುತ್ತಣ ಭೂಮಿಯಲ್ಲಿ ಹೆಚ್ಚಿನದು ಕಪ್ಪು ಎರೆಭೂಮಿ. ತೊಗರಿ ಜೋಳಗಳಿಗೆ ಅದು ತಾಯಿಯಂತೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆತದ್ದನ್ನು ಓದುಗರು ಬಲ್ಲರು. ಆದರೆ ಮನೆಯ ತಳಪಾಯಕ್ಕೆ ಅದು ಮಲತಾಯಿ. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲ್ಮಣ್ಣಿನ ಮೇಲೆಯೇ ಅಡಿಪಾಯ ಹಾಕಿದ ಗೋಡೆಗಳು ಎರಡು ಮೂರು ಮಳೆಗಾಲಗಳಲ್ಲಿ ಸೀಳುತ್ತವೆ. ಗರಸಿನ ಗಟ್ಟಿ ನೆಲವು ಸಿಗುವವರೆಗೆ ಅಗೆಯುವುದು, ಇಲ್ಲವೆ ತಜ್ಞರ ಸಲಹೆಯಂತೆ ಬೇರೆ ಬಗೆಯ ತಳಪಾಯವನ್ನು ಹಾಕುವುದು ಅನಿವಾರ್ಯ. ಅಗ್ಗವಾಗಿ ದೊರೆತ ಪ್ಲಾಟಿನಲ್ಲಿ ಉಳಿದ ಹಣವು ಎಷ್ಟೋ ಸಲ ಈ ಹಳ್ಳದೊಳಗೆ ಇಳಿದುಹೋಗುತ್ತದೆ.

ನೀರಿನ ಮಾತೂ ಹಾಗೆಯೇ. ಕಲಬುರಗಿ ನಗರಕ್ಕೆ ಬೆಣ್ಣೆತೊರಾ ಜಲಾಶಯದಿಂದಲೂ ಭೀಮಾನದಿಯಿಂದಲೂ ನೀರು ಬರುತ್ತದೆ. ನಗರಪಾಲಿಕೆಯ ಕೊಳವೆಯು ಮುಟ್ಟದ ಬಡಾವಣೆಯವರಿಗೆ ಗತಿ ಕೊಳವೆಬಾವಿ ಅಥವಾ ಟ್ಯಾಂಕರು. ಚರಂಡಿಯಿಲ್ಲದ ಕಡೆ ಪ್ರತಿ ಮನೆಗೂ ಮಲಗುಂಡಿ. ಅದರ ಪಕ್ಕದಲ್ಲಿಯೇ ಕೊಳವೆಬಾವಿಯಿದ್ದರೆ ಕುಡಿಯುವ ನೀರಿನ ಗತಿಯೇನೆಂದು ಯೋಚಿಸಬೇಕು.

ಇನ್ನು ಕಾಗದಪತ್ರಗಳು. ಹೊಲವನ್ನು ಹೊಲವಾಗಿಯೇ ತುಂಡರಿಸಿ ಮಾರುವವರಿದ್ದಾರೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕಾರ ಕೃಷಿಭೂಮಿಯನ್ನು ಕೃಷಿಯೇತರ ಉಪಯೋಗಕ್ಕೆ ಪರಿವರ್ತಿಸಿಕೊಂಡಿರಬೇಕು. ಜನರ ಬಾಯಲ್ಲಿ ‘ಎನ್.ಎ. ಆದ ಪ್ಲಾಟು’ ಎಂದರೆ ಇದೇ. ಆದರೆ ಎನ್.ಎ. ಆದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದಲ್ಲ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿಯಿರಬೇಕು. ರಸ್ತೆ, ಉದ್ಯಾನಗಳಿಗೆಂದು ತೋರಿಸಿದ ಜಾಗವು ನಿಜವಾಗಿಯೂ ಬಿಟ್ಟಿದೆಯೋ ಎಂಬುದನ್ನು ನೋಡಬೇಕು. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯಂತೆ 500 ಚದರ ಮೀಟರಿಗೆ ಮೀರಿದ ಬಡಾವಣೆಗಳು ನೋಂದಣಿಯಾಗಬೇಕು. ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ದಾಖಲೆಯಿರಬೇಕು. ಋಣಭಾರ ಪತ್ರವನ್ನು ಪಡೆದು ನೋಡದೆ ಮುಂಗಡ ಕೊಡುವುದು ಕಣ್ಣು ಕಟ್ಟಿಕೊಂಡು ಬಾವಿಯನ್ನು ಇಣುಕಿದಂತೆ.

ಕಾಯುವವನ ಆಯುಸ್ಸು

‘ಇಂದು ದೂರವಾದರೇನು, ನಾಳೆ ಊರು ಇಲ್ಲಿಗೇ ಬರುತ್ತದೆ’ ಎಂಬ ಸಮಾಧಾನವನ್ನು ಮಾರುವವರೂ ಕೊಳ್ಳುವವರೂ ಹೇಳಿಕೊಳ್ಳುತ್ತಾರೆ. ಅದು ಸುಳ್ಳಲ್ಲ. ಆದರೆ ಆ ‘ನಾಳೆ’ ಯಾವಾಗ ಎಂಬುದೇ ಪ್ರಶ್ನೆ. ಬೆಂಗಳೂರಿನ ಪೂರ್ವದ ವೈಟ್‌ಫೀಲ್ಡ್ 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ಆರಂಭವಾದ ವಸತಿ. ಒಂದು ಶತಮಾನದ ಕಾಲ ಅದು ತೋಟಗಳ ನಡುವಿನ ಸದ್ದಿಲ್ಲದ ಊರಾಗಿಯೇ ಉಳಿಯಿತು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನದ ಉದ್ದಿಮೆಗಳು ಬಂದ ಮೇಲೆ ಅಲ್ಲಿನ ನೆಲಕ್ಕೆ ಚಿನ್ನದ ಬೆಲೆ ಬಂದಿತು. ಜೊತೆಗೆ ರಸ್ತೆಗಳಲ್ಲಿ ಗಂಟೆಗಟ್ಟಲೆ ನಿಲ್ಲುವ ಶಿಕ್ಷೆಯೂ ಬಂದಿತು. ನಗರದ ನಡುವಿನಿಂದ ಅಲ್ಲಿಯವರೆಗೆ ಮೆಟ್ರೋ ರೈಲು ಅಖಂಡವಾಗಿ ಓಡತೊಡಗಿದ್ದು 2023ರ ಅಕ್ಟೋಬರಿನಲ್ಲಿ. 2025ರ ಫೆಬ್ರವರಿಯಲ್ಲಿ ಆ ರೈಲಿನ ಗರಿಷ್ಠ ದರವು 60 ರೂಪಾಯಿಯಿಂದ 90 ರೂಪಾಯಿಗೆ ಏರಿದಾಗ, ದೂರದಲ್ಲಿರುವವರಿಗೇ ಅದರ ಬಿಸಿ ಹೆಚ್ಚಾಗಿ ತಟ್ಟಿತು.

ಇಂಗ್ಲೆಂಡಿನ ಎಬೆನೀಜರ್ ಹೊವಾರ್ಡನು 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದ ವರ್ಷದಲ್ಲಿಯೇ, ‘ಉದ್ಯಾನ ನಗರ’ದ ಕಲ್ಪನೆಯನ್ನು ಗ್ರಂಥರೂಪದಲ್ಲಿ ಮುಂದಿಟ್ಟನು, 1903ರಲ್ಲಿ ಲೆಚ್‌ವರ್ತ್ ಎಂಬಲ್ಲಿ ಅಂತಹ ಮೊದಲ ಪಟ್ಟಣದ ಕೆಲಸವು ಆರಂಭವಾಯಿತು. ಹಳ್ಳಿಯ ಗಾಳಿಯೂ ಪಟ್ಟಣದ ದುಡಿಮೆಯೂ ಒಂದೆಡೆ ಕೂಡಬೇಕೆಂಬುದು ಅವನ ಆಶಯ. ಅವನು ಬಯಸಿದ್ದು ಮಲಗಲು ಮಾತ್ರ ಇರುವ ಊರನ್ನಲ್ಲ; ಕಾರ್ಖಾನೆ, ಶಾಲೆ, ಅಂಗಡಿ, ಹೊಲ ಎಲ್ಲವೂ ಇರುವ ಊರನ್ನು. ಕಲಬುರಗಿಯಲ್ಲಿಯೂ ದೊಡ್ಡ ಸಂಸ್ಥೆಗಳು ಹೊರಗೆ ನೆಲೆಸಿವೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವು ನಗರದ ಪೂರ್ವದಲ್ಲಿ ಸೇಡಂ ರಸ್ತೆಯ ಕಡೆಗಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇನ್ನೂ ದೂರಕ್ಕೆ, ಆಳಂದ ತಾಲೂಕಿನ ಕಡಗಂಚಿಗೆ ಹೋಗಿದೆ. ಅಲ್ಲಿ ದುಡಿಯುವವನಿಗೆ ಅಲ್ಲಿಯೇ ಮನೆ ಮಾಡುವುದು ದೂರವಲ್ಲ. ನಗರದ ನಡುವಿನ ಮನೆಯೇ ದೂರ. ಆದರೆ ಅವನ ಹೆಂಡತಿಯ ಕೆಲಸವೂ ಮಕ್ಕಳ ಶಾಲೆಯೂ ನಗರದಲ್ಲಿದ್ದರೆ ಲೆಕ್ಕವು ಮತ್ತೆ ತಲೆಕೆಳಗಾಗುತ್ತದೆ.

ಯಾರಿಗೆ ಲೇಸು?

ಹಾಗಾದರೆ ಹೊರವಲಯದ ಮನೆಯು ಯಾರಿಗೆ ಒಪ್ಪುತ್ತದೆ? ಕೆಲಸವೂ ಅದೇ ದಿಕ್ಕಿನಲ್ಲಿರುವವರಿಗೆ. ಮನೆಯಲ್ಲಿ ಎರಡನೆಯ ವಾಹನವುಳ್ಳವರಿಗೆ. ಕೂಡುಕುಟುಂಬವಾಗಿ ಬಂದು, ಒಬ್ಬರಿಗೊಬ್ಬರು ನೆರೆಯಾಗಬಲ್ಲವರಿಗೆ. ದಿನದ ಓಡಾಟವು ಮುಗಿದ, ಆರೋಗ್ಯವು ಗಟ್ಟಿಯಾಗಿರುವ ನಿವೃತ್ತರಿಗೆ. ಯಾರಿಗೆ ಒಪ್ಪುವುದಿಲ್ಲ? ಗಂಡ ಹೆಂಡಿರಿಬ್ಬರೂ ಪಟ್ಟಣದ ಬೇರೆ ಬೇರೆ ಮೂಲೆಗಳಲ್ಲಿ ದುಡಿಯುವವರಿಗೆ. ಚಿಕ್ಕ ಮಕ್ಕಳೂ ಕಾಯಿಲೆಯ ಹಿರಿಯರೂ ಇರುವವರಿಗೆ. ಕಂತು ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯದವರಿಗೆ. ಇಂತಹವರು ಕೆಲವು ವರ್ಷ ಪಟ್ಟಣದ ಬಾಡಿಗೆಯ ಮನೆಯಲ್ಲಿರುವುದು ಸೋಲಲ್ಲ. ಮಕ್ಕಳು ಓದಿ ದೊಡ್ಡವರಾಗುವವರೆಗೆ ಹೊತ್ತನ್ನು ಕೊಂಡುಕೊಂಡೆವೆಂದು ಅವರು ತಿಳಿಯಬಹುದು.

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಗೆ ಮದ್ದು, ಬೆಟ್ಟವನ್ನು ಹತ್ತಿ ನೋಡುವುದೇ. ಮುಂಗಡವನ್ನು ಕೊಡುವ ಮೊದಲು ಆ ಬಡಾವಣೆಯಿಂದ ಕಚೇರಿಯ ಹೊತ್ತಿಗೆ ಸರಿಯಾಗಿ, ಬಸ್ಸಿನಲ್ಲಿಯೇ, ಒಂದು ವಾರ ಓಡಾಡಿ ನೋಡಬೇಕು. ದೊಡ್ಡ ಮಳೆಯ ಮರುದಿನ ಒಮ್ಮೆ, ಮೇ ತಿಂಗಳ ನಡುಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತರ ಮೇಲೆ ಒಮ್ಮೆ ಅಲ್ಲಿಗೆ ಹೋಗಬೇಕು. ಅಲ್ಲಿ ಈಗಾಗಲೇ ವಾಸವಾಗಿರುವ ಎರಡು ಮನೆಗಳವರನ್ನು, ಅದರಲ್ಲಿಯೂ ಆ ಮನೆಗಳ ಹೆಣ್ಣುಮಕ್ಕಳನ್ನು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಜ್ವರ ಬಂದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬೇಕು. ಅವರ ಉತ್ತರದಲ್ಲಿರುವಷ್ಟು ಸತ್ಯವು ಯಾವ ಬಣ್ಣದ ಕರಪತ್ರದಲ್ಲಿಯೂ ಇರುವುದಿಲ್ಲ.

ಆ ಮೇಲೆ ಮನೆಯವರೆಲ್ಲರೂ ಪಡಸಾಲೆಯಲ್ಲಿ ಕುಳಿತು ಲೆಕ್ಕ ಮಾಡಬೇಕು. ಬಾಡಿಗೆಯಲ್ಲಿ ಉಳಿಯುವುದೆಷ್ಟು, ದಾರಿಯಲ್ಲಿ ಹೋಗುವುದೆಷ್ಟು ಎಂಬ ಎರಡು ಸಾಲುಗಳನ್ನು ಬರೆದರೆ ಸಾಲದು. ಆ ದಾರಿಯನ್ನು ಯಾರು ಯಾರು, ದಿನಕ್ಕೆ ಎಷ್ಟು ಹೊತ್ತು ನಡೆಯಬೇಕಾಗುತ್ತದೆಂಬ ಮೂರನೆಯ ಸಾಲನ್ನೂ ಬರೆಯಬೇಕು. ಖರೀದಿ ಪತ್ರದ ಮೇಲೆ ಸಹಿ ಹಾಕುವವನು ಒಬ್ಬನೇ ಆದರೂ ಆ ಮೂರನೆಯ ಸಾಲಿಗೆ ಮನೆಯ ಸೊಸೆಯೂ ಅಜ್ಜಿಯೂ ಶಾಲೆಗೆ ಹೋಗುವ ಮಗುವೂ ಒಪ್ಪಿಗೆ ಕೊಟ್ಟರೆ, ಊರಾಚೆಯ ಆ ಮನೆಯು ಎಷ್ಟೇ ದೂರವಿದ್ದರೂ ಭಾರವಾಗಲಾರದು.